ಗಡಿನಾಡಿನಲ್ಲಿ ಹುಟ್ಟಿದ ಮಹಾಕಾವ್ಯ

ಯವನರ ಆದಿಕವಿಯಾದ ಹೋಮರನು ಯಾವ ಊರಿನವನು? ಪ್ರಾಚೀನ ಗ್ರೀಕರೇ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ಅವನು ನಮ್ಮವನು, ನಮ್ಮವನು ಎಂದು ಏಳು ಪಟ್ಟಣಗಳು ಹಕ್ಕು ಹೂಡುತ್ತಿದ್ದುವೆಂದು ಪ್ರತೀತಿ. ಆ ಏಳರ ಪಟ್ಟಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿದ್ದರೂ ಬಲವಾದ ಹಕ್ಕು ಎರಡು ಊರುಗಳದು: ಒಂದು ಸ್ಮಿರ್ನಾ ಪಟ್ಟಣ, ಇನ್ನೊಂದು ಖಿಯೋಸ್ ದ್ವೀಪ. ಭೂಪಟವನ್ನು ಬಿಡಿಸಿ ನೋಡಿದರೆ ಇವೆರಡೂ ಅಥೆನ್ಸಿನ ಬಳಿಯಲ್ಲಿಲ್ಲ, ಸ್ಪಾರ್ಟಾದ ಬಳಿಯಲ್ಲಿಯೂ ಇಲ್ಲ. ಈಜಿಯನ್ ಕಡಲಿನ ಆಚೆಯ ದಡದಲ್ಲಿ, ಏಷ್ಯಾಮೈನರಿನ ಅಂಚಿನಲ್ಲಿ ಇವೆ. ಅಲ್ಲಿಂದ ಒಂದೆರಡು ದಿನ ಒಳನಾಡಿಗೆ ನಡೆದರೆ ಲಿಡಿಯರ, ಕೇರಿಯರ ಭಾಷೆಗಳು ಕಿವಿಗೆ ಬೀಳುತ್ತಿದ್ದುವು. ಯವನರ ಮಹಾಕಾವ್ಯವು ಅವರ ನಡುಮನೆಯಲ್ಲಿ ಹುಟ್ಟಲಿಲ್ಲ, ಜಗಲಿಯಲ್ಲಿ ಹುಟ್ಟಿತು.

ಗಡಿನಾಡಿನ ಸಂಘದ ಸ್ಮರಣ ಸಂಚಿಕೆಯಲ್ಲಿ ಗ್ರೀಸಿನ ಮಾತೇಕೆ ಎಂದು ಓದುಗರು ಕೇಳಿದರೆ ಆ ಪ್ರಶ್ನೆ ಸಹಜವೇ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಗ್ರೀಕರ ಕಾವ್ಯವನ್ನೂ ದೇವತೆಗಳನ್ನೂ ಕುರಿತು ಓದುತ್ತ ಹೋದಂತೆ ಈ ಜಗಲಿಯ ಸಂಗತಿಯೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿತು. ನಮ್ಮಂತಹ ಓದುಗರಿಗೆ ಅದು ಬೇರೆಯವರಿಗಿಂತ ಬೇಗ ಅರ್ಥವಾದೀತು ಎಂಬುದೂ ನಮ್ಮ ನಂಬಿಕೆ.

ಯವನರು ಆ ದಡಕ್ಕೆ ಹೋದ ಬಗೆಯನ್ನು ಮೊದಲು ಹೇಳಬೇಕು. ಗ್ರೀಸಿನಲ್ಲಿ ಮೈಸೀನೆ, ಪೈಲಾಸ್ ಮೊದಲಾದೆಡೆ ಕ್ರಿ.ಪೂ. 1200ರ ವರೆಗೆ ದೊಡ್ಡ ಅರಮನೆಗಳಿದ್ದುವು. ಅಲ್ಲಿನ ಲೆಕ್ಕಿಗರು ಹಸಿ ಮಣ್ಣಿನ ಫಲಕಗಳ ಮೇಲೆ ಕುರಿಗಳ ಲೆಕ್ಕ, ಎಣ್ಣೆಯ ಲೆಕ್ಕ, ರಥಚಕ್ರಗಳ ಲೆಕ್ಕ ಬರೆದಿಡುತ್ತಿದ್ದರು. ಅರಮನೆಗಳು ಬೆಂಕಿಗೆ ತುತ್ತಾದಾಗ ಆ ಫಲಕಗಳು ಸುಟ್ಟು ಗಟ್ಟಿಯಾದುವು. ನಾಡನ್ನು ಹಾಳುಮಾಡಿದ ಬೆಂಕಿಯೇ ಅದರ ಬರಹವನ್ನು ಉಳಿಸಿತು. ಆ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯು ಓದಿ, ಅದರ ಭಾಷೆ ಗ್ರೀಕೇ ಎಂದು ತೋರಿಸಿದನು. ಆತನು ಭಾಷಾಶಾಸ್ತ್ರದ ಪ್ರಾಧ್ಯಾಪಕನಾಗಿರಲಿಲ್ಲ ಎಂಬುದನ್ನು ನಮ್ಮ ತರುಣರು ಗಮನಿಸಲಿ. ಫಲಕಗಳಲ್ಲಿ ಝ್ಯೂಸ್, ಹೀರಾ, ಪೊಸೈಡಾನ್ ಎಂಬ ದೇವತೆಗಳ ಹೆಸರುಗಳಿವೆ. ಹೊರಗಿನಿಂದ ಬಹುಕಾಲದ ಮೇಲೆ ಬಂದವನೆಂದು ಪಂಡಿತರು ತಿಳಿದಿದ್ದ ಡಯೋನೈಸಸನ ಹೆಸರೂ ಅಲ್ಲಿದೆ. ಕಾವ್ಯದ ಒಂದು ಸಾಲು ಮಾತ್ರ ಇಲ್ಲ.

ಅರಮನೆಗಳು ಬಿದ್ದ ಮೇಲೆ ಆ ಲಿಪಿಯೂ ಮರೆಯಾಯಿತು. ಮುಂದಿನ ಮೂರು ನಾಲ್ಕು ಶತಮಾನ ಗ್ರೀಕರಿಗೆ ಬರವಣಿಗೆಯೇ ಇರಲಿಲ್ಲವೆನ್ನಬಹುದು. ಈ ಕಾಲದಲ್ಲಿಯೇ ತಂಡತಂಡವಾಗಿ ಜನರು ಕಡಲು ದಾಟಿ ಪೂರ್ವದ ದಡದಲ್ಲಿ ನೆಲಸಿದರು. ಬಡಗಣ ಭಾಗದಲ್ಲಿ ನೆಲಸಿದವರ ನುಡಿ ಈಯೋಲಿಕ್, ಅದರ ತೆಂಕಣದವರದು ಅಯೋನಿಕ್. ಸ್ಮಿರ್ನಾ ಇವೆರಡರ ನಡುವಿನ ಊರು. ಮೊದಲು ಈಯೋಲಿಯರದಾಗಿದ್ದು ಅನಂತರ ಅಯೋನಿಯರ ಕೈಸೇರಿತೆಂದು ಇತಿಹಾಸಕಾರ ಹೆರೊಡೋಟಸನು ಹೇಳುತ್ತಾನೆ. ಹೋಮರನ ಕಾವ್ಯದ ಭಾಷೆಯೂ ಹಾಗೆಯೇ ಇದೆ. ಅದರ ಮೈ ಅಯೋನಿಕ್. ನಡುನಡುವೆ ಈಯೋಲಿಕ್ ರೂಪಗಳು, ಅವುಗಳಿಗಿಂತ ಹಳೆಯ ರೂಪಗಳು. ಇಂತಹ ಭಾಷೆಯನ್ನು ಯಾವ ಊರಿನಲ್ಲಿಯೂ ಯಾರೂ ಮನೆಮಾತಾಗಿ ಆಡಿದ್ದಿಲ್ಲ. ಹಾಡುಗಾರರು ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಸಾಗಿಸುತ್ತ ಹದಮಾಡಿದ ಕಾವ್ಯಭಾಷೆ ಅದು.

ಇಲಿಯಡ್ ಸುಮಾರು 15,700 ಸಾಲುಗಳ ಕಾವ್ಯ. ಒಡಿಸ್ಸಿ ಸುಮಾರು 12,100 ಸಾಲುಗಳದು. ಇಷ್ಟನ್ನು ಬರವಣಿಗೆಯಿಲ್ಲದೆ ಕಟ್ಟಲು ಸಾಧ್ಯವೆ? ಹೋಮರನೆಂಬ ಒಬ್ಬನೇ ಇದ್ದನೆ, ಅನೇಕರಿದ್ದರೆ? ಪಶ್ಚಿಮದ ವಿದ್ವಾಂಸರು ಇನ್ನೂರು ವರ್ಷಗಳಿಂದ ನಡೆಸಿರುವ ಈ ವಾದದ ಎಳೆಗಳನ್ನೆಲ್ಲ ಬಿಡಿಸುವುದು ಇಲ್ಲಿ ಬೇಡ. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸನ ಮಾತೊಂದನ್ನು ಮಾತ್ರ ಹೇಳಲೇಬೇಕು. ಹೋಮರನಲ್ಲಿ ಅಕಿಲೀಸನು ಸುಮ್ಮನೆ ಕುಳಿತಿದ್ದರೂ ಶೀಘ್ರಪಾದನೇ. ಹಡಗುಗಳನ್ನು ದಡಕ್ಕೆಳೆದು ನಿಲ್ಲಿಸಿದ್ದರೂ ಅವು ವೇಗದ ಹಡಗುಗಳೇ. ಇದು ಕವಿಯ ಮರೆವಲ್ಲ. ಆರು ಗಣಗಳ ಸಾಲನ್ನು ಆ ಕ್ಷಣದಲ್ಲಿಯೇ ಕಟ್ಟಿ ಹಾಡುವವನಿಗೆ ಪರಂಪರೆಯು ಕೊಟ್ಟ ಸಿದ್ಧಸಾಮಗ್ರಿ ಎಂದು ಪ್ಯಾರಿಯು ತೋರಿಸಿದನು. ಅದನ್ನು ಕಣ್ಣಾರೆ ಕಾಣಲು 1933ರಿಂದ 1935ರ ವರೆಗೆ ಅಂದಿನ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ತಿರುಗಿದನು. ಅಲ್ಲಿ ಓದುಬರಹ ಬಾರದ ಅವ್ದೊ ಮೆಜೆದೊವಿಚ್ ಎಂಬ ಹಾಡುಗಾರನು 12,000ಕ್ಕೂ ಮಿಕ್ಕ ಸಾಲುಗಳ ಒಂದೇ ಕಥೆಯನ್ನು ದಿನದಿನವೂ ಮುಂದುವರಿಸಿ ಒಪ್ಪಿಸಿದನು. ಒಡಿಸ್ಸಿಯ ಉದ್ದವೂ ಅಷ್ಟೇ ಅಲ್ಲವೆ?

ಇದನ್ನು ನಂಬಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ತುಳುವಿನಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರೂ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೂ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದಾಗ ಅದರ ಸಾಲುಗಳು 15,600ನ್ನು ಮೀರಿದ್ದುವು. ಇಲಿಯಡ್ಡಿನೊಡನೆ ಅಳೆದು ನೋಡಿದರೆ ಹೆಚ್ಚು ಕಡಿಮೆಯೇ ಇಲ್ಲ. ಗದ್ದೆಯಲ್ಲಿ ನಾಟಿಯ ಹೊತ್ತಿಗೆ ಪಾಡ್ದನ ಕೇಳಿದ ಅಜ್ಜಿಯರು ಇರುವ ಮನೆಗಳಲ್ಲಿ ಹೋಮರನ ಸಮಸ್ಯೆಯು ಅಷ್ಟೇನೂ ದೊಡ್ಡ ಸಮಸ್ಯೆಯಾಗಿ ಕಾಣದು.

ಕ್ರಿ.ಪೂ. ಎಂಟನೆಯ ಶತಮಾನದ ಹೊತ್ತಿಗೆ ಗ್ರೀಕರು ಫಿನೀಷಿಯದ ವರ್ತಕರಿಂದ ಅಕ್ಷರಗಳನ್ನು ಪಡೆದು, ಅವುಗಳಿಗೆ ಸ್ವರಗಳನ್ನು ಸೇರಿಸಿ ಹೊಸ ಲಿಪಿಯನ್ನು ಮಾಡಿಕೊಂಡರು. ಆ ಲಿಪಿಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು 1954ರಲ್ಲಿ ಇಟಲಿಯ ಇಸ್ಕಿಯಾ ದ್ವೀಪದ ಗೋರಿಯೊಂದರಲ್ಲಿ ದೊರಕಿತು. ಅದೊಂದು ಮಣ್ಣಿನ ಕುಡಿಯುವ ಬಟ್ಟಲು. ಅದರ ಮೇಲೆ ಬಲದಿಂದ ಎಡಕ್ಕೆ ಗೀರಿದ ಮೂರು ಸಾಲುಗಳಲ್ಲಿ ಇಲಿಯಡ್ಡಿನ ವೃದ್ಧವೀರ ನೆಸ್ಟರನ ಬಟ್ಟಲನ್ನು ನೆನೆದು ಒಂದು ವಿನೋದದ ಮಾತಿದೆ. ಇಟಲಿಯು ಗ್ರೀಕರಿಗೆ ಪಡುವಣ ಗಡಿ. ಮೂಡಣ ಗಡಿಯಲ್ಲಿ ಹಾಡಾದ ಕಥೆಯ ವೀರನು ಪಡುವಣ ಗಡಿಯ ಕುಡುಕನೊಬ್ಬನ ಬಟ್ಟಲಿನ ಮೇಲೆ ಮೊದಲು ಅಕ್ಷರಕ್ಕೆ ಬಂದನೆಂದರೆ, ಆ ಕಥೆ ಅಂದಿಗಾಗಲೇ ಎಷ್ಟು ದೂರ ಹಬ್ಬಿತ್ತೆಂಬುದನ್ನು ಊಹಿಸಬಹುದು.

ಇನ್ನು ದೇವತೆಗಳ ವಿಚಾರ. ಭಕ್ತಿಯ ಪರಂಪರೆಯಲ್ಲಿ ಬೆಳೆದ ನಮಗೆ ಹೋಮರನ ದೇವತೆಗಳನ್ನು ಕಂಡಾಗ ಮೊದಲು ಆಗುವುದು ಬೇಸರ. ಅವರು ಜಗಳವಾಡುತ್ತಾರೆ, ಪಕ್ಷ ಕಟ್ಟುತ್ತಾರೆ, ಸುಳ್ಳು ಹೇಳುತ್ತಾರೆ. ಹೀರಾ, ಅಥೀನಾ, ಪೊಸೈಡಾನರು ಗ್ರೀಕರ ಕಡೆ. ಅಪೊಲೊ, ಆಫ್ರೊಡೈಟಿ, ಏರೀಸರು ಟ್ರಾಯಿನವರ ಕಡೆ. ಡಯೊಮಿಡೀಸನ ಈಟಿಯಿಂದ ಕೈಗೆ ಗಾಯವಾದೊಡನೆ ಆಫ್ರೊಡೈಟಿಯು ಅಳುತ್ತ ತಾಯಿಯ ಮಡಿಲಿಗೆ ಓಡುತ್ತಾಳೆ. ಯುದ್ಧದೇವನಾದ ಏರೀಸನೇ ಪೆಟ್ಟು ತಿಂದು ಅರಚುತ್ತಾನೆ. ಇಂತಹವರನ್ನು ಪೂಜಿಸುವುದೆಂತು? ಇದನ್ನು ಮೊದಲು ಕೇಳಿದವರೂ ಆ ದಡದವರೇ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಹುಟ್ಟಿದ ಕೊಲೊಫಾನಿನ ಕ್ಸೆನೊಫನೀಸನು, ಮನುಷ್ಯರಲ್ಲಿ ನಿಂದ್ಯವಾದುದನ್ನೆಲ್ಲ ಹೋಮರನು ದೇವತೆಗಳ ತಲೆಗೆ ಕಟ್ಟಿದನೆಂದು ಜರೆದನು. ಎತ್ತುಗಳಿಗೂ ಕುದುರೆಗಳಿಗೂ ಚಿತ್ರ ಬರೆಯುವ ಕೈಗಳಿದ್ದರೆ ಅವು ತಮ್ಮ ದೇವತೆಗಳನ್ನು ಎತ್ತುಗಳಂತೆಯೂ ಕುದುರೆಗಳಂತೆಯೂ ಬರೆಯುತ್ತಿದ್ದುವೆಂದು ಹಾಸ್ಯಮಾಡಿದನು. ನಾನಾ ಜನಾಂಗಗಳು ತಮ್ಮತಮ್ಮ ಮುಖಚ್ಛಾಯೆಯನ್ನೇ ದೇವರಿಗೆ ಕೊಡುವುದನ್ನು ಅವನು ಗಮನಿಸಿದ್ದನು. ಎರಡು ಮೂರು ಬಗೆಯ ದೇವತೆಗಳನ್ನು ಅಕ್ಕಪಕ್ಕದಲ್ಲಿ ಕಂಡವರಿಗೆ ಮಾತ್ರ ಹೊಳೆಯುವ ವಿಚಾರವಿದು.

ಇಲ್ಲಿ ಒಂದು ಮಾತು. ಝ್ಯೂಸ್ ಎಂಬ ಹೆಸರೂ ವೇದದ ದ್ಯೌಃ ಎಂಬ ಶಬ್ದವೂ ಒಂದೇ ಬೇರಿನವು. ಅರುಣೋದಯದ ದೇವಿ ಈಯೋಸಳ ಹೆಸರು ನಮ್ಮ ಉಷಸ್ಸಿನ ಹೆಸರಿನ ಸೋದರಿ. ಇಷ್ಟು ನಿಜ. ಈ ನಂಟನ್ನು ಹಿಡಿದುಕೊಂಡು ಝ್ಯೂಸನೇ ಇಂದ್ರ, ಹೆಲೆನಳೇ ಸೀತೆ ಎಂದು ಜೋಡಿಸುತ್ತ ಹೋಗುವ ಚಪಲ ಮಾತ್ರ ನಮಗೆ ಹಿಡಿಸದು. ಹಾಗೆ ಮಾಡಿದರೆ ಎರಡು ಕಾವ್ಯಗಳೂ ಕೆಡುತ್ತವೆ.

ಹೋಮರನ ದೇವತೆಗಳು ಹಗುರವಾಗಿರುವುದಕ್ಕೆ ಒಂದು ಕಾರಣವಿದೆ ಎಂದು ನಮಗೆ ತೋರುತ್ತದೆ. ಅವರಿಗೆ ಸಾವಿಲ್ಲ, ಆದುದರಿಂದ ಅವರು ಕಳೆದುಕೊಳ್ಳಬೇಕಾದುದು ಏನೂ ಇಲ್ಲ. ಇಂದಿನ ಜಗಳ ಸಂಜೆಯ ಔತಣದಲ್ಲಿ ನಗೆಯಾಗಿ ಮುಗಿಯುತ್ತದೆ. ಕೆಳಗೆ ನಿಂತ ಮನುಷ್ಯನಿಗೋ ಒಂದೇ ಜೀವ. ಲಿಸಿಯದ ಅರಸು ಸಾರ್ಪಿಡಾನನು ಗೆಳೆಯ ಗ್ಲಾಕಸನೊಡನೆ ಹೇಳುವುದು ಇದನ್ನೇ: ಮುಪ್ಪು ಸಾವುಗಳು ನಮಗೆ ಇರದಿದ್ದರೆ ನಾನೂ ಕಾದುತ್ತಿರಲಿಲ್ಲ, ನಿನ್ನನ್ನೂ ಕಾದಲು ಕಳುಹುತ್ತಿರಲಿಲ್ಲ, ಸಾವು ಹೇಗೂ ತಪ್ಪದಾದುದರಿಂದ ಮುಂದೆ ನಡೆಯೋಣ ಎಂಬುದು ಅವನ ಮಾತಿನ ಸಾರ. ಸಾರ್ಪಿಡಾನನು ಝ್ಯೂಸನ ಮಗ. ಮಗನ ಮರಣವು ಹತ್ತಿರವಾದಾಗ ದೇವರಾಜನು ಅವನನ್ನು ಬದುಕಿಸಲೆ ಎಂದು ತೂಗಾಡುತ್ತಾನೆ. ಹಾಗೆ ಮಾಡಿದರೆ ಉಳಿದ ದೇವತೆಗಳೂ ತಮ್ಮ ಮಕ್ಕಳನ್ನು ಬಿಡಿಸಿಕೊಳ್ಳುವರೆಂದು ಹೀರಾ ಎಚ್ಚರಿಸುತ್ತಾಳೆ. ಝ್ಯೂಸನು ಒಪ್ಪಿ, ಭೂಮಿಗೆ ನೆತ್ತರ ಮಳೆ ಸುರಿಸುತ್ತಾನೆ. ನಿದ್ರೆ ಮತ್ತು ಮೃತ್ಯು ಎಂಬ ಅವಳಿ ಸೋದರರು ಆ ಕಳೇಬರವನ್ನು ಹೊತ್ತು ಹುಟ್ಟೂರಾದ ಲಿಸಿಯಕ್ಕೆ ತಲಪಿಸುತ್ತಾರೆ. ಸಾರ್ಪಿಡಾನನು ಗ್ರೀಕರ ಪಕ್ಷದವನಲ್ಲ, ಟ್ರಾಯಿನ ನೆರವಿಗೆ ಬಂದವನು ಎಂಬುದನ್ನು ಮರೆಯಬಾರದು. ಶತ್ರುಪಕ್ಷದ ಒಬ್ಬನ ಸಾವಿಗಾಗಿ ಗ್ರೀಕರ ಕವಿಯು ತನ್ನ ಪರಮದೇವನ ಕಣ್ಣಲ್ಲಿ ನೆತ್ತರನ್ನು ತರಿಸಿದ್ದಾನೆ.

ಆ ಗ್ಲಾಕಸನ ಕಥೆ ಇನ್ನೂ ಸ್ವಾರಸ್ಯವಾದುದು. ರಣರಂಗದ ನಡುವೆ ಡಯೊಮಿಡೀಸನೂ ಅವನೂ ಎದುರುಬದುರಾಗುತ್ತಾರೆ. ನೀನು ಯಾರ ಮಗನೆಂದು ಒಬ್ಬನು ಕೇಳುತ್ತಾನೆ. ಇನ್ನೊಬ್ಬನು ವಂಶಾವಳಿಯನ್ನೇ ಹೇಳತೊಡಗುತ್ತಾನೆ. ಹೇಳುತ್ತ ಹೇಳುತ್ತ ಗ್ಲಾಕಸನ ಅಜ್ಜನು ಡಯೊಮಿಡೀಸನ ಅಜ್ಜನ ಮನೆಯಲ್ಲಿ ಇಪ್ಪತ್ತು ದಿನ ಅತಿಥಿಯಾಗಿದ್ದ ಸಂಗತಿ ಹೊರಬೀಳುತ್ತದೆ. ಡಯೊಮಿಡೀಸನು ಒಡನೆಯೇ ಈಟಿಯನ್ನು ನೆಲಕ್ಕೆ ಊರಿ, ನಾವು ಮನೆತನದ ನಂಟರು, ಕೊಲ್ಲುವುದಕ್ಕೆ ನನಗೂ ನಿನಗೂ ಬೇರೆಯವರು ಬೇಕಾದಷ್ಟು ಇದ್ದಾರೆ ಎನ್ನುತ್ತಾನೆ. ಇಬ್ಬರೂ ರಥದಿಂದಿಳಿದು ಕೈಹಿಡಿದು ಕವಚಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಗ್ಲಾಕಸನದು ನೂರು ಎತ್ತುಗಳ ಬೆಲೆಯ ಚಿನ್ನದ ಕವಚ, ಡಯೊಮಿಡೀಸನದು ಒಂಬತ್ತು ಎತ್ತುಗಳ ಬೆಲೆಯ ಕಂಚಿನದು. ಝ್ಯೂಸನು ಗ್ಲಾಕಸನ ಬುದ್ಧಿಯನ್ನೇ ಕಿತ್ತುಕೊಂಡಿರಬೇಕೆಂದು ಕವಿಯು ನಗುತ್ತಾನೆ. ಅತಿಥಿಗಳ ರಕ್ಷಕನೆಂದೂ ಝ್ಯೂಸನಿಗೆ ಒಂದು ಬಿರುದುಂಟು. ಗ್ರೀಕರ ಧರ್ಮದಲ್ಲಿ ಪಾಪಪುಣ್ಯಗಳ ವಿಚಾರವೇ ಇಲ್ಲವೆನ್ನುವವರು ಈ ಪ್ರಸಂಗವನ್ನು ಓದಬೇಕು. ಅಯೋನಿಯದ ಕೆಲವು ಪಟ್ಟಣಗಳು ಇದೇ ಗ್ಲಾಕಸನ ವಂಶದವರನ್ನು ತಮ್ಮ ಅರಸರನ್ನಾಗಿ ಮಾಡಿಕೊಂಡಿದ್ದುವೆಂದು ಹೆರೊಡೋಟಸನು ಬರೆದಿದ್ದಾನೆ. ಎಂದರೆ, ಹೋಮರನ ಹಾಡನ್ನು ಕೇಳಲು ಕುಳಿತ ಸಭೆಯಲ್ಲಿ ಗ್ಲಾಕಸನನ್ನು ತಮ್ಮ ಮೂಲಪುರುಷನೆಂದು ಎಣಿಸುವವರೂ ಇದ್ದಿರಬಹುದು. ಗಡಿಯಲ್ಲಿ ಹಾಡುವವನು ಆಚೆಯವನನ್ನು ಬರಿಯ ರಾಕ್ಷಸನನ್ನಾಗಿ ಚಿತ್ರಿಸಲಾರ. ಆಚೆಯವನು ಕೆಲವೊಮ್ಮೆ ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾನೆ. ಇದು ನಮ್ಮ ಊಹೆ; ಗಡಿಯಲ್ಲಿ ಬಾಳಿದವರಿಗೆ ಸುಲಭವಾಗಿ ಬರುವ ಊಹೆ.

ಟ್ರಾಯಿನ ಪಾಳೆಯದಲ್ಲಿ ನಾನಾ ಭಾಷೆಗಳ ಗದ್ದಲವಿತ್ತೆಂದು ಇಲಿಯಡ್ ಎರಡೆರಡು ಸಲ ಹೇಳುತ್ತದೆ. ಕೇರಿಯರ ಮಾತನ್ನು ಒರಟು ಮಾತೆಂದೂ ಒಂದೆಡೆ ಕರೆದಿದೆ. ಆದರೆ ಕಾವ್ಯದ ಕೊನೆಯಲ್ಲಿ ಟ್ರಾಯಿನ ವೃದ್ಧ ಅರಸು ಪ್ರಿಯಮನು, ಮಗ ಹೆಕ್ಟರನ ಶವವನ್ನು ಬೇಡಲು ಇರುಳಿನಲ್ಲಿ ಅಕಿಲೀಸನ ಬಿಡಾರಕ್ಕೆ ಬಂದಾಗ ಅವರ ನಡುವೆ ದುಭಾಷಿ ಬೇಕಾಗಲಿಲ್ಲ. ಪ್ರಿಯಮನು ಅಕಿಲೀಸನ ಮೊಣಕಾಲನ್ನು ಹಿಡಿದು, ತನ್ನ ಮಕ್ಕಳನ್ನು ಕೊಂದ ಆ ಕೈಗಳಿಗೆ ಮುತ್ತಿಡುತ್ತಾನೆ. ನಿನ್ನ ತಂದೆಯನ್ನು ನೆನೆದುಕೊ ಎನ್ನುತ್ತಾನೆ. ಅಕಿಲೀಸನಿಗೆ ಊರಲ್ಲಿ ಒಂಟಿಯಾಗಿರುವ ಮುದಿ ತಂದೆಯ ನೆನಪು ಬರುತ್ತದೆ. ಒಬ್ಬನು ಮಗನಿಗಾಗಿ, ಒಬ್ಬನು ತಂದೆಗಾಗಿಯೂ ಸತ್ತ ಗೆಳೆಯನಿಗಾಗಿಯೂ ಒಟ್ಟಿಗೆ ಅಳುತ್ತಾರೆ. ಝ್ಯೂಸನ ಮನೆಯ ನೆಲದ ಮೇಲೆ ಕೇಡಿನ ಹಂಡೆ, ಒಳಿತಿನ ಹಂಡೆ ಎಂದು ಎರಡು ವಿಧವಾದ ಹಂಡೆಗಳಿವೆ, ಮನುಷ್ಯರಿಗೆ ಅವನು ಎರಡನ್ನೂ ಬೆರಸಿ ಕೊಡುತ್ತಾನೆ, ದೇವತೆಗಳು ಮಾತ್ರ ಚಿಂತೆಯಿಲ್ಲದೆ ಇರುತ್ತಾರೆ ಎಂದು ಅಕಿಲೀಸನು ಸಮಾಧಾನ ಹೇಳುತ್ತಾನೆ. ಅನಂತರ ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಶವಸಂಸ್ಕಾರಕ್ಕೆ ಎಷ್ಟು ದಿನ ಬೇಕೆಂದು ಅಕಿಲೀಸನು ಕೇಳುತ್ತಾನೆ. ಒಂಬತ್ತು ದಿನ ಅಳಲು, ಹತ್ತನೆಯ ದಿನ ಸಂಸ್ಕಾರಕ್ಕೆ, ಹನ್ನೊಂದನೆಯ ದಿನ ಸಮಾಧಿ ಕಟ್ಟಲು, ಹನ್ನೆರಡನೆಯ ದಿನ ಬೇಕೇಬೇಕಾದರೆ ಮತ್ತೆ ಕಾದೋಣ ಎಂದು ಮುದುಕನು ಉತ್ತರ ಕೊಡುತ್ತಾನೆ. ಮರದ ಕುದುರೆಯ ಕಥೆ ಇಲಿಯಡ್ಡಿನಲ್ಲಿ ಬರುವುದೇ ಇಲ್ಲ. ಹೆಕ್ಟರನ ಅಂತ್ಯಸಂಸ್ಕಾರಕ್ಕೆ ಕಾವ್ಯ ನಿಂತುಬಿಡುತ್ತದೆ. ಗೆದ್ದವರ ಭಾಷೆಯಲ್ಲಿ ಹುಟ್ಟಿದ ಕಾವ್ಯವು ಸೋತವರ ಮನೆಯ ಸೂತಕದಲ್ಲಿ ಮುಗಿಯುತ್ತದೆ.

ಒಡಿಸ್ಸಿಯ ಕಥೆ ನಮ್ಮ ಮಕ್ಕಳಿಗೂ ಪರಿಚಿತವಾದುದರಿಂದ ಬೆಳೆಸುವುದಿಲ್ಲ. ಅದರ ನಾಯಕನಾದ ಒಡಿಸ್ಸ್ಯೂಸನಿಗೆ ಕೆಲಿಪ್ಸೊ ಎಂಬ ದೇವಿಯು ಅಮರತ್ವವನ್ನೇ ಕೊಡುವೆನೆಂದಳು. ಅವನು ಒಲ್ಲೆನೆಂದು, ಕಲ್ಲುಗುಡ್ಡೆಗಳ ಪುಟ್ಟ ಇಥಾಕದಿಂದ ಏಳುವ ಹೊಗೆಯನ್ನಾದರೂ ಒಮ್ಮೆ ಕಂಡು ಸಾಯಬೇಕೆಂದು ಹಂಬಲಿಸಿದನು. ಇಪ್ಪತ್ತು ವರ್ಷಗಳ ಮೇಲೆ ಮನೆ ಸೇರಿದಾಗ ಅವನ ಗುರುತು ಹಿಡಿದುದು ಅವನ ಮುದಿ ನಾಯಿ.

ಹೋಮರನೂ ಹೆಸಿಯಡನೂ ಗ್ರೀಕರಿಗೆ ದೇವತೆಗಳ ವಂಶವನ್ನೂ ಬಿರುದುಗಳನ್ನೂ ರೂಪಗಳನ್ನೂ ಕೊಟ್ಟರೆಂಬುದು ಹೆರೊಡೋಟಸನ ಅಭಿಪ್ರಾಯ. ಗ್ರೀಕರಿಗೆ ಒಬ್ಬ ಅರಸನಾಗಲಿ ಒಂದು ರಾಜಧಾನಿಯಾಗಲಿ ಇರಲಿಲ್ಲ. ಮೂಡಣ ದಡದವರಂತೂ ಲಿಡಿಯದ ಅರಸರಿಗೂ ಅನಂತರ ಪಾರಸಿಕ ಸಾಮ್ರಾಟರಿಗೂ ಕಪ್ಪ ಕೊಡಬೇಕಾಯಿತು. ಆದರೂ ಅವರನ್ನು ಗ್ರೀಕರಲ್ಲವೆಂದು ಯಾರೂ ಹೇಳಲಿಲ್ಲ. ಕ್ರಿ.ಪೂ. 479ರಲ್ಲಿ ಪಾರಸಿಕರೊಡನೆ ಒಪ್ಪಂದ ಮಾಡಿಕೊಳ್ಳುವಿರೇನು ಎಂದು ಸ್ಪಾರ್ಟಾದವರು ಶಂಕಿಸಿದಾಗ ಅಥೆನ್ಸಿನವರು ಕೊಟ್ಟ ಉತ್ತರವನ್ನು ಹೆರೊಡೋಟಸನು ದಾಖಲಿಸಿದ್ದಾನೆ. ಗ್ರೀಕತನವೆಂದರೆ ಒಂದು ರಕ್ತ, ಒಂದು ನುಡಿ, ಸಮಾನವಾದ ದೇವಾಲಯಗಳು ಮತ್ತು ಆರಾಧನೆ, ಒಂದೇ ಬಗೆಯ ನಡೆವಳಿ ಎಂಬುದು ಆ ಉತ್ತರ. ರಾಜ್ಯದ ಎಲ್ಲೆಯು ಈ ಪಟ್ಟಿಯಲ್ಲಿಲ್ಲ. ಇದನ್ನು ಬರೆದಿಟ್ಟ ಹೆರೊಡೋಟಸನು ತಾನೂ ಕೇರಿಯದ ಅಂಚಿನ ಹಾಲಿಕಾರ್ನಾಸಸ್ಸಿನವನು. ನುಡಿಯನ್ನು ಉಳಿಸಿದ ಸಾಧನವಾವುದೆಂದರೆ ಹೆಚ್ಚಾಗಿ ಹೋಮರನ ಪಾಠವೇ. ಅಥೆನ್ಸಿನ ಹಬ್ಬದಲ್ಲಿ ಅವನನ್ನು ಸರದಿಯಂತೆ ಹಾಡಿದರು. ಅಲೆಕ್ಸಾಂಡ್ರಿಯದ ಪಂಡಿತರು ಪಾಠವನ್ನು ಶೋಧಿಸಿದರು. ಈಜಿಪ್ಟಿನ ಗ್ರೀಕ್ ಮನೆಗಳ ಹುಡುಗರು ಅವನ ಸಾಲುಗಳನ್ನು ತಿದ್ದಿ ತಿದ್ದಿ ಅಕ್ಷರ ಕಲಿತರು. ಈಜಿಪ್ಟಿನ ಮರಳಿನಲ್ಲಿ ದೊರೆತ ಗ್ರೀಕ್ ಸಾಹಿತ್ಯದ ಹಾಳೆಗಳಲ್ಲಿ ಹೋಮರನವೇ ಎಲ್ಲಕ್ಕಿಂತ ಹೆಚ್ಚು.

ಆ ಮರಳಿನಲ್ಲಿ ನಮಗೂ ಒಂದು ಪಾಲುಂಟು. ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್ಫೆಲ್ ಮತ್ತು ಹಂಟ್ ಎಂಬವರು ಅಗೆದು ತೆಗೆದು 1903ರಲ್ಲಿ ಪ್ರಕಟಿಸಿದ ಒಂದು ಗ್ರೀಕ್ ಪ್ರಹಸನದಲ್ಲಿ, ಭಾರತದ ಕರಾವಳಿಯ ಅರಸನ ಸೆರೆಯಲ್ಲಿದ್ದ ಕ್ಯಾರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು ಅಣ್ಣ ಮೊದಲಾದವರು ಬಂದು, ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ಒಕ್ಕಣ್ಣ ದೈತ್ಯನಿಗೆ ಮದ್ಯ ಕುಡಿಸಿದ ಒಡಿಸ್ಸ್ಯೂಸನ ಉಪಾಯವೇ ಇದು. ಅದರಲ್ಲಿ ಅರಸನೂ ಅವನ ಕಡೆಯವರೂ ಆಡುವ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ಪಂಡಿತರು ಸೂಚಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳನ್ನು ಕುರಿತು ಬರೆದರು. ಅವು ಕನ್ನಡವೆ, ತುಳುವೆ, ಬರಿಯ ಅಣಕದ ಸದ್ದೆ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಕನ್ನಡವೇ ಎಂದು ಸಾಧಿಸುವ ಅಭಿಮಾನಕ್ಕಿಂತ ನಮಗೆ ಮುಖ್ಯವಾಗಿ ತೋರುವುದು ಬೇರೆ. ಇಲಿಯಡ್ಡಿನಲ್ಲಿ ಪರಕೀಯನ ಮಾತು ಗ್ರೀಕನಿಗೆ ತಿಳಿಯಿತು. ಸುಮಾರು ಒಂಬತ್ತು ನೂರು ವರ್ಷಗಳ ಅನಂತರದ ಈ ಪ್ರಹಸನದಲ್ಲಿ ಅದು ನಗೆಗೆ ಸಾಮಗ್ರಿಯಾಯಿತು. ಕವಿಗಳು ನೆರೆಯವರಿಂದ ದೂರವಾದಷ್ಟೂ ನೆರೆಯವರ ಮಾತು ಹಾಸ್ಯವಾಗಿ ಕೇಳಿಸುತ್ತದೆಯೇನೋ. ಇದಕ್ಕೆ ಸರಿಯಾದ ಪ್ರತ್ಯುತ್ತರವನ್ನು ನಮ್ಮ ಬಿ.ಎಂ.ಶ್ರೀಯವರು 1929ರಲ್ಲಿ ಕೊಟ್ಟರೆನ್ನಬೇಕು. ಹೋಮರನ ವೀರ ಏಜಾಕ್ಸನನ್ನು ಕುರಿತ ಸೊಫೊಕ್ಲಿಸನ ದುರಂತ ನಾಟಕವನ್ನು ಅವರು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದಾಗ ಗ್ರೀಕನ ಅಳಲಿಗೆ ಕುರುಕ್ಷೇತ್ರದಲ್ಲಿ ಎಡೆ ದೊರೆಯಿತು.

ಹೋಮರನ ದಡದ ಮುಂದಿನ ಕಥೆಯನ್ನು ಹೇಳದೆ ಬಿಡುವಂತಿಲ್ಲ. ಪಾರಸಿಕರು, ರೋಮನರು, ತುರ್ಕರು ಎಷ್ಟು ಪ್ರಭುತ್ವಗಳು ಬಂದುಹೋದರೂ ಸ್ಮಿರ್ನಾದಲ್ಲಿ ಗ್ರೀಕ್ ಮಾತು ಎರಡೂವರೆ ಸಾವಿರ ವರ್ಷಗಳಿಗೂ ಮೀರಿ ಉಳಿದಿತ್ತು. 1919ರಲ್ಲಿ ಗ್ರೀಸ್ ತನ್ನ ಸೇನೆಯನ್ನು ಅಲ್ಲಿ ಇಳಿಸಿತು, ಯುದ್ಧವಾಯಿತು, 1922ರ ಸೆಪ್ಟೆಂಬರಿನಲ್ಲಿ ತುರ್ಕರ ಸೇನೆ ಊರನ್ನು ಹಿಡಿದ ಕೆಲವೇ ದಿನಗಳಲ್ಲಿ ಅದರ ಗ್ರೀಕ್ ಮತ್ತು ಆರ್ಮೇನಿಯನ್ ಕೇರಿಗಳು ಬೆಂಕಿಗೆ ಆಹುತಿಯಾದುವು. 1923ರ ಲೊಸಾನ್ ಒಪ್ಪಂದದ ಮೇರೆಗೆ ಎರಡು ದೇಶಗಳು ಜನರನ್ನೇ ವಿನಿಮಯ ಮಾಡಿಕೊಂಡುವು. ಸುಮಾರು 12 ಲಕ್ಷ ಮಂದಿ ಗ್ರೀಸಿಗೂ ಸುಮಾರು 4 ಲಕ್ಷ ಮಂದಿ ತುರ್ಕಿಗೂ ಸೇರಿದರು. ಯಾರು ಎತ್ತ ಹೋಗಬೇಕೆಂಬುದನ್ನು ತೀರ್ಮಾನಿಸಿದ್ದು ಮನೆಮಾತಲ್ಲ, ಮತ. ತುರ್ಕಿ ಮಾತ್ರ ಬಲ್ಲ ಕ್ರೈಸ್ತರನ್ನು ಗ್ರೀಸಿಗೂ, ಗ್ರೀಕ್ ಮಾತ್ರ ಬಲ್ಲ ಕ್ರೀಟ್ ದ್ವೀಪದ ಮುಸಲ್ಮಾನರನ್ನು ತುರ್ಕಿಗೂ ಕಳುಹಿದರು. ಹೀಗೆ ಹೋದವರು ಎರಡು ಕಡೆಗಳಲ್ಲಿಯೂ ಬಹುಕಾಲ ಪರಕೀಯರಾಗಿಯೇ ಬಾಳಬೇಕಾಯಿತು.

ಸ್ಮಿರ್ನಾ ಇಂದು ತುರ್ಕಿಯ ಇಜ್ಮಿರ್. ಖಿಯೋಸ್ ಗ್ರೀಸಿನಲ್ಲಿದೆ, ನಡುವೆ ಇರುವುದು ಏಳೆಂಟು ಕಿಲೋಮೀಟರ್ ಅಗಲದ ಕಡಲು. ಮನೆ ಬಿಟ್ಟು ಹೋದವರು ಅಥೆನ್ಸಿನ ಪಕ್ಕದಲ್ಲಿ ಕಟ್ಟಿಕೊಂಡ ಬಡಾವಣೆಗೆ ಹೊಸ ಸ್ಮಿರ್ನಾ ಎಂದು ಹೆಸರಿಟ್ಟರು. ಸ್ಮಿರ್ನಾದ ಬಳಿಯ ಊರ್ಲಾದಲ್ಲಿ 1900ರಲ್ಲಿ ಹುಟ್ಟಿ, 1914ರಲ್ಲಿ ಮನೆಯವರೊಡನೆ ಅಥೆನ್ಸಿಗೆ ಬಂದ ಹುಡುಗನೊಬ್ಬನು ಮುಂದೆ ಯೋರ್ಗೊಸ್ ಸೆಫೆರಿಸ್ ಎಂಬ ಹೆಸರಿನಿಂದ ಗ್ರೀಕ್ ಭಾಷೆಯ ದೊಡ್ಡ ಕವಿಯಾದನು. 1935ರಲ್ಲಿ ಪ್ರಕಟವಾದ ಅವನ ಕವನಮಾಲಿಕೆಯಲ್ಲಿ ಒಡಿಸ್ಸಿಯ ನಾವಿಕರು ಮತ್ತೆ ಕಾಣಿಸಿಕೊಂಡರು. 1963ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಅವನು ರಾಯಭಾರ ಕಚೇರಿಯ ಅಧಿಕಾರಿಯಾಗಿ ಅಂಕಾರಾದಲ್ಲಿದ್ದಾಗ, 1950ರಲ್ಲಿ, ಸ್ಮಿರ್ನಾಕ್ಕೆ ಹೋಗಿ ಬಾಲ್ಯದಲ್ಲಿ ಕಂಡ ಬೀದಿಗಳನ್ನು ಹುಡುಕಿ ನೋಡಿಬಂದು, ಕಂಡದ್ದನ್ನು ತನ್ನ ದಿನಚರಿಯಲ್ಲಿ ಗ್ರೀಕಿನಲ್ಲಿ ಬರೆದಿಟ್ಟನು.